ಮಾತಿನ ಮದ್ದಿನ ಮೊದಲ ರೋಗಿ

೧೯೫೪ರಲ್ಲಿ ಪಶ್ಚಿಮ ಜರ್ಮನಿಯ ಅಂಚೆ ಇಲಾಖೆಯವರು ‘ಮನುಕುಲದ ಸಹಾಯಕರು’ ಎಂಬ ಮಾಲೆಯಲ್ಲಿ ಕೆಲವು ಅಂಚೆಚೀಟಿಗಳನ್ನು ಹೊರತಂದರು. ಅವುಗಳಲ್ಲೊಂದರ ಮೇಲೆ ಬರ್ಥಾ ಪಾಪೆನ್‌ಹೈಮ್ ಎಂಬ ಮಹಿಳೆಯ ಚಿತ್ರವಿತ್ತು. ಅನಾಥ ಹೆಣ್ಣುಮಕ್ಕಳಿಗಾಗಿ, ಕೆಟ್ಟವರೆಂದು ಊರು ದೂರವಿಟ್ಟ ಎಳೆಯ ಹುಡುಗಿಯರಿಗಾಗಿ, ತಂದೆಯ ಹೆಸರಿಲ್ಲದ ಕೂಸುಗಳಿಗಾಗಿ ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು ಅವರು. ಅದಕ್ಕೆ ಒಂದು ವರ್ಷ ಮುಂಚೆ, ೧೯೫೩ರಲ್ಲಿ, ಅರ್ನೆಸ್ಟ್ ಜೋನ್ಸ್ ಎಂಬುವರು ಬರೆದ ಸಿಗ್ಮಂಡ್ ಫ್ರಾಯ್ಡನ ಜೀವನಚರಿತ್ರೆಯ ಮೊದಲನೆಯ ಸಂಪುಟ ಪ್ರಕಟವಾಗಿತ್ತು. ಮನಶ್ಶಾಸ್ತ್ರದ ಗ್ರಂಥಗಳಲ್ಲೆಲ್ಲ ‘ಅನ್ನಾ ಓ.’ ಎಂಬ ಮರೆಯ ಹೆಸರಿನಿಂದ ಪ್ರಸಿದ್ಧಳಾಗಿದ್ದ ರೋಗಿ ಈ ಬರ್ಥಾ ಪಾಪೆನ್‌ಹೈಮರೇ ಎಂದು ಅದರಲ್ಲಿ ಬಹಿರಂಗವಾಯಿತು. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಬಿ’ಗೆ ಹಿಂದಿನದು ‘ಎ’, ‘ಪಿ’ಗೆ ಹಿಂದಿನದು ‘ಓ’. ಮರೆ ಅಷ್ಟೇ ತೆಳುವಾಗಿತ್ತು. ಆದರೂ ಹೊರಗಿನವರ ಕಣ್ಣಿಗೆ ಅದು ಐವತ್ತೆಂಟು ವರ್ಷ ಉಳಿಯಿತು.

ಅವರನ್ನು ಆಶ್ರಯದಾತೆಯೆಂದು ಬಲ್ಲವರಿಗೆ ರೋಗದ ಸಂಗತಿ ತಿಳಿಯದು. ರೋಗಿಯೆಂದು ಓದಿದವರಿಗೆ ಮಿಕ್ಕ ಬದುಕಿನ ಸುಳಿವಿಲ್ಲ. ಜೋನ್ಸರ ಪುಸ್ತಕ ಬಂದ ಮೇಲೂ ಬಹುಕಾಲ ಹೆಚ್ಚು ಚರ್ಚೆಯಾದದ್ದು ರೋಗವೇ. ಎರಡನ್ನೂ ಜೊತೆಗಿಟ್ಟು ನೋಡಿದರೆ, ವೈದ್ಯರ ಪುಸ್ತಕ ಹೇಳದೆ ಬಿಟ್ಟ ಕೆಲವು ಮಾತು ಕಾಣಸಿಗುತ್ತವೆ. ನನಗೆ ಮುಖ್ಯವೆನಿಸಿರುವುದು ಅವೇ.

ಬರ್ಥಾ ಹುಟ್ಟಿದ್ದು ೧೮೫೯ರ ಫೆಬ್ರವರಿ ೨೭ರಂದು, ವಿಯೆನ್ನಾ ನಗರದ ಒಂದು ಸಂಪನ್ನ ಯಹೂದಿ ಮನೆತನದಲ್ಲಿ. ತಂದೆ ಸೀಗ್ಮುಂಡ್ ದವಸದ ವ್ಯಾಪಾರಿ. ಮಡಿವಂತ ಮನೆ. ಅಕ್ಕ ಹೆನ್ರಿಯೆಟ್ಟೆ ಕ್ಷಯದಿಂದ ತೀರಿಕೊಂಡಾಗ ಬರ್ಥಾಗೆ ಎಂಟು ವರ್ಷ. ತಮ್ಮ ವಿಲ್ಹೆಲ್ಮ್ ಹೈಸ್ಕೂಲಿಗೂ ಅಲ್ಲಿಂದ ವಿಶ್ವವಿದ್ಯಾಲಯಕ್ಕೂ ಹೋದ. ಅವನಿಗಿಂತ ಚುರುಕಾಗಿದ್ದ ಅಕ್ಕನ ಓದು ಹದಿನಾರಕ್ಕೆ ಮುಗಿಯಿತು. ಮುಂದೆ ಕಸೂತಿ, ಪಿಯಾನೋ, ಕುದುರೆ ಸವಾರಿ, ಗಂಡು ಬರುವ ದಾರಿ ಕಾಯುವುದು. ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಮೂರೂ ಬಲ್ಲ ಹುಡುಗಿ, ಕೈ ಕಸೂತಿಯಲ್ಲಿದ್ದಾಗ ಮನಸ್ಸಿನೊಳಗೆ ಕಥೆ ಕಟ್ಟಿಕೊಳ್ಳುತ್ತ ಕೂರುತ್ತಿದ್ದಳು. ಅದಕ್ಕೆ ಅವಳೇ ಇಟ್ಟಿದ್ದ ಹೆಸರು ‘ನನ್ನ ಸ್ವಂತ ನಾಟಕಶಾಲೆ’. ಮನೆಯವರಿಗೆ ಇದು ಗೊತ್ತಾಗುತ್ತಿರಲಿಲ್ಲ, ಕರೆದರೆ ಓಗೊಡುತ್ತಿದ್ದಳಲ್ಲ.

೧೮೮೦ರ ಬೇಸಗೆಯಲ್ಲಿ ತಂದೆ ಹಾಸಿಗೆ ಹಿಡಿದರು. ರಾತ್ರಿಯ ಶುಶ್ರೂಷೆ ಮಗಳ ಪಾಲಿಗೆ ಬಂದಿತು. ಕೆಲವು ತಿಂಗಳಲ್ಲಿ ಅವಳೇ ಮಲಗಿದಳು. ಮೊದಲು ಬಿಡದ ಕೆಮ್ಮು. ಆಮೇಲೆ ಬಲಗೈ ಸ್ವಾಧೀನ ತಪ್ಪಿತು, ಕಣ್ಣು ಮಂಜಾಯಿತು, ಕತ್ತು ನಿಲ್ಲದಾಯಿತು. ೧೮೮೧ರ ಏಪ್ರಿಲ್ ೫ರಂದು ತಂದೆ ತೀರಿಕೊಂಡರು. ಅದಕ್ಕೆ ಮೊದಲೇ ತಾಯ್ನುಡಿಯಾದ ಜರ್ಮನ್ ಅವಳ ನಾಲಗೆಯಿಂದ ಹೊರಟುಹೋಗಿತ್ತು, ಇಂಗ್ಲಿಷೊಂದನ್ನೇ ಆಡುತ್ತಿದ್ದಳು. ಫ್ರೆಂಚ್ ಪುಸ್ತಕ ಕೊಟ್ಟರೆ ಅದನ್ನೂ ತಡವರಿಸದೆ ಇಂಗ್ಲಿಷಿನಲ್ಲಿಯೇ ಓದಿಬಿಡುವಳು. ಇಂಥದಕ್ಕೆ ನಮ್ಮ ಹಳ್ಳಿಗಳಲ್ಲಿ ಗಾಳಿ ಸೋಕಿದೆ ಎನ್ನುತ್ತಿದ್ದರು, ನಿಂಬೆಹಣ್ಣು ಮಂತ್ರಿಸುತ್ತಿದ್ದರು. ವಿಯೆನ್ನಾದ ವೈದ್ಯರು ಹಿಸ್ಟೀರಿಯ ಎಂದರು. ಹೆಸರಿಟ್ಟ ಮಾತ್ರಕ್ಕೆ ಅವರಿಗೂ ಹೆಚ್ಚೇನೂ ತಿಳಿದಿತ್ತೆಂದಲ್ಲ.

ಚಿಕಿತ್ಸೆಗೆ ಬಂದವರು ಡಾಕ್ಟರ್ ಯೋಸೆಫ್ ಬ್ರಾಯರ್. ಆಗ ಅವರಿಗೆ ಮೂವತ್ತೆಂಟು ವರ್ಷ. ನಗರದಲ್ಲಿ ಹೆಸರಾದ ವೈದ್ಯರು, ದೊಡ್ಡ ಮನೆತನಗಳಿಗೆಲ್ಲ ಬೇಕಾದವರು. ಅವರು ಮಾಡಿದ ದೊಡ್ಡ ಕೆಲಸವೆಂದರೆ ಕುಳಿತು ಕೇಳಿದ್ದು. ಸಂಜೆಯ ಹೊತ್ತು ಹುಡುಗಿಗೆ ಒಂದು ಬಗೆಯ ಮಂಪರು ಕವಿಯುತ್ತಿತ್ತು. ಆಗ ಅವಳು ಹಾನ್ಸ್ ಆಂಡರ್ಸನ್ನನ ಧಾಟಿಯ ಕಥೆಗಳನ್ನು ಹೇಳುವಳು. ಕಥೆ ಹೇಳಿ ಮುಗಿಸಿದ ರಾತ್ರಿ ನೆಮ್ಮದಿ. ವೈದ್ಯರು ಬಾರದ ದಿನ ಯಾತನೆ. ಬರಬರುತ್ತ ಕಥೆಯ ಜಾಗದಲ್ಲಿ ನೆನಪುಗಳು ಬಂದವು. ಒಂದು ಕಡು ಬೇಸಗೆಯಲ್ಲಿ ಆರು ವಾರ ಅವಳ ಗಂಟಲಲ್ಲಿ ನೀರೇ ಇಳಿಯಲಿಲ್ಲ. ಹಣ್ಣುಗಳಲ್ಲಿ ಜೀವ ಹಿಡಿದಿದ್ದಳು. ಒಂದು ಸಂಜೆ ಮಂಪರಿನಲ್ಲಿ, ತನ್ನ ಇಂಗ್ಲಿಷ್ ಸಂಗಾತಿಯ ನಾಯಿ ಲೋಟದಲ್ಲಿ ನೀರು ಕುಡಿದುದನ್ನು ಕಂಡು ಹೇಸಿದ್ದು, ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡದ್ದು ಹೊರಬಂದಿತು. ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಕಾರಿದ ಮೇಲೆ ನೀರು ಕೇಳಿದಳು, ಗಟಗಟನೆ ಕುಡಿದಳು. ಲೋಟ ತುಟಿಯಲ್ಲಿರುವಂತೆಯೇ ಎಚ್ಚೆತ್ತಳು.

ಈ ಕ್ರಮಕ್ಕೆ ಹೆಸರು ಕೊಟ್ಟವಳೂ ಅವಳೇ, ಅದೂ ಇಂಗ್ಲಿಷಿನಲ್ಲಿ. ಗಂಭೀರವಾಗಿ ಹೇಳುವಾಗ ‘ಟಾಕಿಂಗ್ ಕ್ಯೂರ್’, ಅಂದರೆ ಮಾತಿನ ಮದ್ದು. ತಮಾಷೆಗೆ ‘ಚಿಮ್ನಿ ಸ್ವೀಪಿಂಗ್’, ಹೊಗೆಗೂಡಿನ ಮಸಿ ಗುಡಿಸುವುದು. ಇಂದು ಲೋಕದ ತುಂಬ ನಡೆದಿರುವ ಒಂದು ಚಿಕಿತ್ಸೆಗೆ ಹೆಸರಿಟ್ಟದ್ದು ವೈದ್ಯನಲ್ಲ, ಇಪ್ಪತ್ತೆರಡರ ಆಸುಪಾಸಿನ ಒಬ್ಬ ರೋಗಿ ಎಂಬುದು ನೆನಪಿಡಬೇಕಾದ ಮಾತು.

ಕನ್ನಡದ ಮೇಷ್ಟರಾಗಿ ಇಲ್ಲಿ ಒಂದು ಮಾತು ಸೇರಿಸದಿರಲಾರೆ. ನಮ್ಮ ನುಡಿಯಲ್ಲಿ ‘ಹೇಳು’ ಬೇರೆ, ‘ಹೇಳಿಕೊಳ್ಳು’ ಬೇರೆ. ವರದಿಯನ್ನು ಹೇಳುತ್ತೇವೆ, ಕಷ್ಟವನ್ನು ಹೇಳಿಕೊಳ್ಳುತ್ತೇವೆ. ಎರಡನೆಯದಕ್ಕೆ ಕಿವಿಗೊಡುವವರೊಬ್ಬರು ಬೇಕು. ಆಡಿದ ಮಾತಿನ ಫಲ ಮಾತ್ರ ಆಡಿದವರಿಗೇ. ಹಾಗೆಯೇ ‘ನೋವು’. ಹಲ್ಲಿಗೂ ಅದೇ ಪದ, ಮನಸ್ಸಿಗೂ ಅದೇ ಪದ. ಹಳಬರು ಮನಸ್ಸಿನ ಬೇನೆಗೆ ಆಧಿ ಎಂದೂ ದೇಹದ ಬೇನೆಗೆ ವ್ಯಾಧಿ ಎಂದೂ ಹೆಸರಿಟ್ಟು ಬೇರ್ಪಡಿಸಿದರು ನಿಜ. ಆದರೆ ಆಡುವಾಗ ‘ಆಧಿವ್ಯಾಧಿ’ ಎಂದು ಒಂದೇ ಉಸಿರಿನಲ್ಲಿ ಆಡಿದರು. ಅಂತರರಾಷ್ಟ್ರೀಯ ನೋವಿನ ಅಧ್ಯಯನ ಸಂಘದವರು ೧೯೭೯ರಲ್ಲಿ ಪ್ರಕಟಿಸಿ ೨೦೨೦ರಲ್ಲಿ ತಿದ್ದಿದ ವ್ಯಾಖ್ಯೆಯಲ್ಲಿಯೂ ನೋವೆಂಬುದು ಇಂದ್ರಿಯದ ಅನುಭವವೂ ಹೌದು, ಭಾವದ ಅನುಭವವೂ ಹೌದು ಎಂದೇ ಇದೆ. ಈ ತಿಳಿವಳಿಕೆಯ ಒಂದು ಬೇರು ಆ ವಿಯೆನ್ನಾದ ಕೋಣೆಯಲ್ಲಿದೆ.

ಕಥೆ ಅಲ್ಲಿಗೇ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ೧೮೯೫ರಲ್ಲಿ ಪ್ರಕಟಿಸಿದ ‘ಹಿಸ್ಟೀರಿಯದ ಅಧ್ಯಯನಗಳು’ ಎಂಬ ಗ್ರಂಥದಲ್ಲಿ ಸುಮಾರಾಗಿ ಹಾಗೆಯೇ ಇದೆ. ೧೮೮೨ರ ಜೂನ್ ತಿಂಗಳಲ್ಲಿ ಕೊನೆಯ ದಿನ. ತಂದೆಯ ಹಾಸಿಗೆಯ ಬಳಿ ಕುಳಿತಿದ್ದಾಗ ಕಂಡ ಕರಿಯ ಹಾವಿನ ಭ್ರಮೆಯನ್ನು ಹುಡುಗಿ ಮರಳಿ ನಟಿಸಿ ತೋರಿಸಿದಳು. ಜರ್ಮನ್ ಮಾತು ಹಿಂದಿರುಗಿತು. ರೋಗಗಳು ಒಂದೊಂದಾಗಿ ಬಿಟ್ಟವು. ಆಮೇಲೆ ಪ್ರವಾಸಕ್ಕೆ ಹೋದಳು, ಪೂರ್ತಿ ಸಮಸ್ಥಿತಿಗೆ ಬರಲು ಸ್ವಲ್ಪ ಕಾಲ ಹಿಡಿಯಿತು, ಅಂದಿನಿಂದ ಆರೋಗ್ಯವಾಗಿದ್ದಾಳೆ ಎಂದು ಬ್ರಾಯರ್ ಮುಗಿಸುತ್ತಾರೆ. ಆ ‘ಸ್ವಲ್ಪ ಕಾಲ’ದ ಒಳಗೆ ಏನೇನು ಅಡಗಿತ್ತು ಎಂಬುದು ಹೊರಬೀಳಲು ಮುಕ್ಕಾಲು ಶತಮಾನ ಬೇಕಾಯಿತು.

ಅದನ್ನು ಹೊರತೆಗೆದವರು ಹೆನ್ರಿ ಎಲೆನ್‌ಬರ್ಗರ್ ಎಂಬ ವಿದ್ವಾಂಸರು. ಅವರ ಕೈಗೆ ಸಿಕ್ಕ ಎಳೆ ಬರ್ಥಾಳ ಒಂದು ಭಾವಚಿತ್ರ. ಸವಾರಿಯ ಉಡುಪಿನಲ್ಲಿ ಕೈಯಲ್ಲಿ ಚಾಟಿ ಹಿಡಿದು ನಿಂತ ಗಟ್ಟಿಮುಟ್ಟಾದ ಹುಡುಗಿ, ಇಸವಿ ೧೮೮೨. ವಿಯೆನ್ನಾದಲ್ಲಿ ಕಾಯಿಲೆಯಾಗಿ ಮಲಗಿದ್ದವಳು ಕುದುರೆ ಏರಿದ್ದೆಲ್ಲಿ? ಚಿತ್ರದಲ್ಲಿ ಮಾಸಿಹೋಗಿದ್ದ ಅಚ್ಚನ್ನು ಮಾಂಟ್ರಿಯಲ್ ಪೋಲೀಸರ ಪ್ರಯೋಗಶಾಲೆಯಲ್ಲಿ ಓದಿಸಿದಾಗ ಕೋನ್‌ಸ್ಟಾನ್ಸ್ ಎಂಬ ಊರಿನ ಹೆಸರು ಕಂಡಿತು. ಆ ಊರಿನ ಪಕ್ಕದಲ್ಲಿಯೇ, ಸ್ವಿಟ್ಜರ್‌ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್‌ನಲ್ಲಿ, ಬೆಲ್‌ವ್ಯೂ ಎಂಬ ಆರೋಗ್ಯಧಾಮವಿತ್ತು. ಅಲ್ಲಿನ ಹಳೆಯ ಕಡತಗಳಲ್ಲಿ ಬ್ರಾಯರರೇ ಬರೆದುಕೊಟ್ಟಿದ್ದ ರೋಗವರದಿ ಸಿಕ್ಕಿತು. ಎಲೆನ್‌ಬರ್ಗರ್ ೧೯೭೨ರಲ್ಲಿ ಇದನ್ನು ಪ್ರಕಟಿಸಿದರು. ಆಲ್ಬ್ರೆಖ್ಟ್ ಹಿರ್ಷ್‌ಮ್ಯೂಲರ್ ಎಂಬುವರು ೧೯೭೮ರಲ್ಲಿ ಇನ್ನಷ್ಟು ಕಾಗದಪತ್ರಗಳನ್ನು ಬೆಳಕಿಗೆ ತಂದರು. ಸಾಹಿತ್ಯ ಸಂಶೋಧನೆಯಲ್ಲಿ ಒಂದು ಓಲೆಗರಿಗಾಗಿ ಊರೂರು ಅಲೆಯುವವರ ಸುಖದುಃಖ ನಮಗೆ ಗೊತ್ತು. ಇದೂ ಅದೇ ಜಾತಿಯ ಕೆಲಸ.

ಕಡತ ಹೇಳುವ ಸಂಗತಿ ಇದು: ಪುಸ್ತಕದ ಪ್ರಕಾರ ರೋಗ ಬಿಟ್ಟಿತೆಂಬ ದಿನದ ಮರುತಿಂಗಳೇ, ಜುಲೈ ೧೨ರಂದು, ಬರ್ಥಾಳನ್ನು ಬೆಲ್‌ವ್ಯೂಗೆ ಸೇರಿಸಲಾಯಿತು. ಮುಖದ ನರಶೂಲೆ ಅವಳನ್ನು ಹಿಂಡುತ್ತಿತ್ತು. ಕೆನ್ನೆ ದವಡೆಗಳಲ್ಲಿ ಮಿಂಚಿನಂತೆ ಹೊಡೆಯುವ ಈ ನೋವು ಎಷ್ಟು ಕ್ರೂರವೆಂಬುದು ಪಟ್ಟವರಿಗೇ ಗೊತ್ತು. ಅದನ್ನು ತಡೆಯಲೆಂದು ಕೊಟ್ಟಿದ್ದ ಮಾರ್ಫಿಯ ಚಟವಾಗಿತ್ತು. ಮಾರ್ಫಿಯ ಬಿಡಿಸಲು ಬೆಲ್‌ವ್ಯೂನಲ್ಲಿ ಪ್ರಯತ್ನಪಟ್ಟರು, ಆಗಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅವಳು ಅಲ್ಲಿಂದ ಹೊರಟಾಗ ನೋವೂ ಇತ್ತು, ಮಾರ್ಫಿಯವೂ ಇತ್ತು. ಪುಸ್ತಕದಲ್ಲಿ ಹಾವು, ನಾಯಿ, ಲೋಟ ಎಲ್ಲವೂ ಇವೆ. ಈ ಮುಖದ ನೋವು ಇಲ್ಲ, ಮಾರ್ಫಿಯವಿಲ್ಲ.

೧೮೮೩ರಿಂದ ೧೮೮೭ರವರೆಗೆ ವಿಯೆನ್ನಾ ಸಮೀಪದ ಇನ್ಸರ್ಸ್‌ಡಾರ್ಫ್ ಆರೋಗ್ಯಧಾಮಕ್ಕೆ ಮೂರು ಸಲ ಸೇರಬೇಕಾಯಿತು. ೧೮೮೩ರಲ್ಲಿ ಫ್ರಾಯ್ಡ್, ತಾನು ಮದುವೆಯಾಗಲಿದ್ದ ಮಾರ್ತಾಳಿಗೆ ಬರೆದ ಒಂದು ಕಾಗದದಲ್ಲಿ, ಆ ಬಡಪಾಯಿ ಸತ್ತರೆ ಯಾತನೆಯಿಂದ ಬಿಡುಗಡೆಯಾದೀತೆಂದು ಬ್ರಾಯರ್ ನಿಟ್ಟುಸಿರುಬಿಡುತ್ತಾರೆಂದು ತಿಳಿಸಿದ್ದಾನೆ. ಮಾರ್ತಾ ಬರ್ಥಾಳ ಪರಿಚಯದವಳು. ಇಷ್ಟೆಲ್ಲ ಬಲ್ಲವರು ಹನ್ನೆರಡು ವರ್ಷದ ಮೇಲೆ ಆ ವೃತ್ತಾಂತವನ್ನು ಅಚ್ಚು ಹಾಕಿಸಿದಾಗ ಅದನ್ನು ಮಾತಿನ ಮದ್ದಿನ ಮೊದಲ ವಿಜಯವೆಂಬಂತೆ ಲೋಕಕ್ಕೆ ಒಪ್ಪಿಸಿದರು.

ಇದನ್ನು ಶುದ್ಧ ಮೋಸವೆಂದು ತಳ್ಳಿಹಾಕುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಮಾತು ಕೆಲವು ಗಂಟುಗಳನ್ನು ಬಿಚ್ಚಿತು ಎಂಬುದನ್ನು ಅಲ್ಲಗಳೆಯಲು ಕಾರಣವಿಲ್ಲ. ಪುಸ್ತಕ ಅಚ್ಚಾಗುವ ಹೊತ್ತಿಗೆ ಬರ್ಥಾ ಆರೋಗ್ಯವಾಗಿದ್ದುದೂ ನಿಜ. ಮುಖದ ನರಶೂಲೆಗೆ ಅನೇಕ ವೇಳೆ ರಕ್ತನಾಳವೊಂದು ನರವನ್ನು ಒತ್ತುವುದು ಕಾರಣವೆಂದು ಇಂದಿನ ವೈದ್ಯರು ಬಲ್ಲರು. ಅಂಥ ನೋವು ನೆನಪನ್ನು ಹೇಳಿಕೊಂಡರೆ ಹೋಗುವುದಲ್ಲ. ಹೋಗದ ನೋವನ್ನು ಬರೆಯದೆ ಬಿಟ್ಟದ್ದು ಮಾತ್ರ ತಪ್ಪು. ಆ ಪುಸ್ತಕವನ್ನು ನಂಬಿ ಬಂದ ಮುಂದಿನ ರೋಗಿಗಳಲ್ಲಿ ಎಷ್ಟು ಜನ ‘ಅನ್ನಾ ಓ.ಗೆ ವಾಸಿಯಾಯಿತು, ನನಗೇಕಿಲ್ಲ’ ಎಂದು ತಮ್ಮನ್ನೇ ಹಳಿದುಕೊಂಡಿರಬಹುದು!

ಜೋನ್ಸ್ ಇದಕ್ಕೆ ಇನ್ನೊಂದು ಬಣ್ಣದ ಕಥೆ ಜೋಡಿಸಿದರು. ಬರ್ಥಾ ಬ್ರಾಯರರಿಂದಲೇ ಬಸುರಾದೆನೆಂಬ ಭ್ರಮೆಗೆ ಬಿದ್ದಳೆಂದೂ, ಅವರು ಹೆದರಿ ಹೆಂಡತಿಯೊಡನೆ ವೆನಿಸಿಗೆ ಓಡಿಹೋದರೆಂದೂ, ಅವರ ಕೊನೆಯ ಮಗಳು ಅಲ್ಲಿಯೇ ಗರ್ಭದಲ್ಲಿ ನಿಂತಳೆಂದೂ ಬರೆದರು. ಆ ಮಗು ಹುಟ್ಟಿದ್ದು ೧೮೮೨ರ ಮಾರ್ಚಿಯಲ್ಲಿ. ಚಿಕಿತ್ಸೆ ಮುಗಿದದ್ದು ಜೂನಿನಲ್ಲಿ. ಲೆಕ್ಕಕ್ಕೆ ನಿಲ್ಲದ ಈ ಕಥೆ ಎಷ್ಟೋ ಪುಸ್ತಕಗಳಲ್ಲಿ ಓಡಾಡಿತು. ಹೆಣ್ಣಿನ ವಿಚಾರದಲ್ಲಿ ಇಂಥ ಕಥೆಗಳಿಗೆ ಕಾಲು ಬೇಗ ಬರುತ್ತದೆ.

ವೈದ್ಯರ ‘ಅವಳು’ ಇಲ್ಲಿಗೆ ಸಾಕು; ಇನ್ನು ‘ಅವರು’ ಎಂದು ಬರೆಯುತ್ತೇನೆ. ೧೮೮೮ರ ನವೆಂಬರಿನಲ್ಲಿ ಬರ್ಥಾ ತಾಯಿಯೊಡನೆ ವಿಯೆನ್ನಾ ಬಿಟ್ಟು ತಾಯಿಯ ತವರಾದ ಫ್ರಾಂಕ್‌ಫರ್ಟಿಗೆ ಬಂದರು. ಅದಕ್ಕೆ ಮುಂಚೆ ಕಾರ್ಲ್ಸ್‌ರೂಹೆಯ ನೆಂಟರ ಮನೆಗೆ ಹೋಗಿದ್ದಾಗ ದಾದಿಯರ ಶಿಕ್ಷಣವನ್ನು ಸ್ವಲ್ಪ ಪಡೆದಿದ್ದರು. ಸೋದರಸಂಬಂಧಿ ಆನ್ನಾ ಎಟ್ಲಿಂಗರ್ ಕಥೆಗಳನ್ನು ಕಂಡು ಬರೆಯಲು ಹುರಿದುಂಬಿಸಿದ್ದರು. ವೈದ್ಯರ ಮುಂದೆ ಮಂಪರಿನಲ್ಲಿ ಬಂದ ಕಥೆಗಳ ತಂಗಿಯರು ಈಗ ಎಚ್ಚರದಲ್ಲಿ ಬಂದವು. ೧೮೮೮ರಲ್ಲಿ ಮಕ್ಕಳ ಕಥೆಗಳ ಒಂದು ಪುಸ್ತಕ ಹೆಸರಿಲ್ಲದೆ ಬಂದಿತು. ೧೮೯೦ರಲ್ಲಿ ಇನ್ನೊಂದು, ‘ಪಾಲ್ ಬರ್ತೋಲ್ಡ್’ ಎಂಬ ಗಂಡಸಿನ ಹೆಸರಿನಲ್ಲಿ. ಫ್ರಾಂಕ್‌ಫರ್ಟಿನಲ್ಲಿ ಅವರು ಹಿಡಿದ ಮೊದಲ ಕೆಲಸಗಳೆಂದರೆ ಬಡವರ ಗಂಜಿಕೇಂದ್ರದಲ್ಲಿ ಬಡಿಸುವುದು, ಯಹೂದಿ ಹೆಣ್ಣುಮಕ್ಕಳ ಅನಾಥಾಲಯದಲ್ಲಿ ಕಥೆ ಓದಿ ಹೇಳುವುದು.

೧೮೯೫ರಲ್ಲಿ ಆ ಅನಾಥಾಲಯದ ಆಡಳಿತವೇ ಅವರ ಕೈಗೆ ಬಂದಿತು. ಅದೇ ವರ್ಷ ವಿಯೆನ್ನಾದಲ್ಲಿ ಅನ್ನಾ ಓ. ಅಚ್ಚಾದಳು, ಇಬ್ಬರೂ ಒಟ್ಟಿಗೆ ಹುಟ್ಟಿದಂತಾಯಿತು. ಹನ್ನೆರಡು ವರ್ಷ ಅವರು ಅಲ್ಲಿದ್ದರು. ಅಲ್ಲಿಯವರೆಗೆ ಹುಡುಗಿಯರನ್ನು ಒಂದು ಮದುವೆಯ ದಡಕ್ಕೆ ಮುಟ್ಟಿಸಿದರೆ ಸಾಕೆಂಬ ಭಾವನೆಯಿತ್ತು. ಬರ್ಥಾ ಅದನ್ನು ತಿರುಗಿಸಿ, ತಮ್ಮ ಅನ್ನ ತಾವು ದುಡಿದುಕೊಳ್ಳುವ ಕಸುಬಿಗೆ ಅವರನ್ನು ಅಣಿಗೊಳಿಸಿದರು. ಹದಿನಾರಕ್ಕೆ ಪುಸ್ತಕ ಕಿತ್ತುಕೊಂಡು ಸೂಜಿ ಕೊಟ್ಟದ್ದನ್ನು ಅವರು ಮರೆತಿರಲಿಲ್ಲ. ೧೮೯೯ರಲ್ಲಿ, ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣಿನ ಹಕ್ಕುಗಳ ಸಮರ್ಥನೆಗಾಗಿ ಬರೆದಿದ್ದ ಗ್ರಂಥವನ್ನು ಜರ್ಮನಿಗೆ ಅನುವಾದಿಸಿ ಪ್ರಕಟಿಸಿದರು. ಕಾಯಿಲೆಯಲ್ಲಿ ಜರ್ಮನನ್ನು ತಳ್ಳಿ ಕುಳಿತಿದ್ದ ಇಂಗ್ಲಿಷ್ ಹೀಗೆ ಕೆಲಸಕ್ಕೆ ಬಂದಿತು.

೧೯೦೩ರಲ್ಲಿ ಅವರು ಗ್ಯಾಲಿಷಿಯ ಪ್ರಾಂತಕ್ಕೆ ಹೋಗಿ ಅಲ್ಲಿನ ಯಹೂದಿ ಬಡಜನರ ಬಾಳನ್ನು ಕಣ್ಣಾರೆ ಕಂಡು ಮರುವರ್ಷ ವರದಿ ಬರೆದರು. ಬಡತನ, ಹೆಣ್ಣುಮಕ್ಕಳಿಗೆ ಓದಿಲ್ಲದಿರುವಿಕೆ, ಮದುವೆಯ ಅಥವಾ ಕೆಲಸದ ಆಸೆ ತೋರಿಸಿ ದೂರದ ಕಾನ್‌ಸ್ಟಾಂಟಿನೋಪಲ್, ಬ್ಯೂನಸ್ ಐರಿಸ್ ನಗರಗಳ ವೇಶ್ಯಾಗೃಹಗಳಿಗೆ ಸಾಗಿಸುವ ದಲ್ಲಾಳಿಗಳು. ಸಾಗಿಸಿದವರಲ್ಲಿ ತಮ್ಮವರೂ ಇದ್ದಾರೆಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಯಹೂದಿಗಳ ಹಗೆಗಳಿಗೆ ಇದು ಕೈಗೆ ಕೋಲು ಕೊಟ್ಟಂತಾಯಿತಲ್ಲ ಎಂದು ಸಮಾಜದ ಹಿರಿಯರು ಗೊಣಗಿದರು. ಮರ್ಯಾದೆಗೆಂದು ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆಂಬುದು ಆಕೆಗಿಂತ ಹೆಚ್ಚಾಗಿ ಯಾರಿಗೆ ಗೊತ್ತಿತ್ತು? ೧೯೦೪ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟವನ್ನು ಸ್ಥಾಪಿಸಿದರು. ೧೯೨೪ರವರೆಗೆ ಅವರೇ ಅಧ್ಯಕ್ಷಿಣಿ. ಬಾಲ್ಕನ್ ದೇಶಗಳು, ತುರ್ಕಿ, ಈಜಿಪ್ಟುಗಳಲ್ಲಿ ಸುತ್ತಿ ಊರೂರಿನಿಂದ ಬರೆದ ಕಾಗದಗಳನ್ನು ‘ಸಿಸಿಫಸನ ದುಡಿಮೆ’ ಎಂಬ ಹೆಸರಿನಲ್ಲಿ ಪುಸ್ತಕ ಮಾಡಿದರು. ಬೆಟ್ಟಕ್ಕೆ ಬಂಡೆ ನೂಕಿ ಏರಿಸುವುದು, ಅದು ಮತ್ತೆ ಉರುಳುವುದು. ಆ ಗ್ರೀಕ್ ಕಥೆಯನ್ನು ನಮ್ಮ ಓದುಗರು ಬಲ್ಲರು.

ಅವರ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾಗಿದ್ದುದು ನೊಯ್ ಈಸೆನ್‌ಬುರ್ಗಿನ ಮನೆ. ಫ್ರಾಂಕ್‌ಫರ್ಟಿಗೆ ತಾಕಿದಂತಿದ್ದರೂ ಆ ಊರು ಹೆಸೆನ್ ಸೀಮೆಗೆ ಸೇರಿತ್ತು; ಪ್ರಷ್ಯದ ಆಡಳಿತಕ್ಕಿಂತ ಅಲ್ಲಿನ ಕಾನೂನು ನೆಲೆಯಿಲ್ಲದ ಪರದೇಶಿಗಳಿಗೆ ಮೃದುವಾಗಿತ್ತು. ಅದನ್ನು ನೋಡಿಯೇ ಜಾಗ ಆರಿಸಿದ್ದು. ಬಂಧುವೊಬ್ಬರು ಕೊಟ್ಟ ಮನೆಯಲ್ಲಿ ೧೯೦೭ರ ನವೆಂಬರ್ ೨೫ರಂದು ಆಶ್ರಯ ಆರಂಭವಾಯಿತು. ಮದುವೆಯಿಲ್ಲದೆ ತಾಯಿಯಾದ ಹುಡುಗಿಯರು, ಅವರ ಕೂಸುಗಳು, ಬೀದಿಯಿಂದ ಅಥವಾ ಸೆರೆಮನೆಯಿಂದ ಬಂದವರು, ಯಾರಿಗೂ ಬೇಡವಾದ ಮಕ್ಕಳು. ನಮ್ಮಲ್ಲಿ ಇಂಥ ಸಂಸ್ಥೆಗೆ ಅಬಲಾಶ್ರಮವೆಂಬ ಹೆಸರಿತ್ತು. ‘ಅಬಲೆ’ ಎಂಬ ಮಾತನ್ನು ಬರ್ಥಾ ಒಪ್ಪುತ್ತಿದ್ದರೆಂದು ನನಗೆ ತೋರದು. ತಾಯಿಯನ್ನೂ ಮಗುವನ್ನೂ ಅಗಲಿಸಬಾರದು, ಶಾಲೆಗೆ ಹೋಗುವ ವಯಸ್ಸಿನವರು ಊರಿನ ಶಾಲೆಗೇ ಹೋಗಬೇಕು, ಎಲ್ಲರೂ ಮನೆಗೆಲಸ ಕಲಿಯಬೇಕು, ಶನಿವಾರದ ವ್ರತ ಹಬ್ಬಹರಿದಿನ ತಪ್ಪಬಾರದು. ಆಡಂಬರ ಬೇಡ, ಆದರೆ ಮನೆ ಅಂದವಾಗಿರಬೇಕು. ಹಳೆಯ ಲೇಸು, ಗಾಜಿನ ಸಾಮಾನು ಎಂದರೆ ಅವರಿಗೆ ಪ್ರಾಣ. ಸೂಕ್ಷ್ಮವಾದದ್ದನ್ನು ಮುಟ್ಟಿ ನೋಡಿದ ಕೈ ಒರಟಾಗದು ಎಂದು ನಂಬಿದವರಂತೆ ಕಾಣುತ್ತಾರೆ. ಜೊತೆಯ ಕೆಲಸಗಾರರಿಗೆ ಅವರು ಸುಲಭದ ಯಜಮಾನಿತಿಯಲ್ಲ. ಕಟ್ಟುನಿಟ್ಟು, ಮುಂಗೋಪ, ಚುಚ್ಚುಮಾತು ಎಲ್ಲವೂ ಇದ್ದವು. ತಮ್ಮನ್ನೂ ಬಿಡುತ್ತಿರಲಿಲ್ಲ. ತಾವು ಸತ್ತರೆ ಯಾವ ಯಾವ ಪತ್ರಿಕೆ ಏನೇನು ಬರೆದೀತೆಂದು ಊಹಿಸಿ ಬದುಕಿರುವಾಗಲೇ ತಮ್ಮ ಮರಣವಾರ್ತೆಗಳನ್ನು ತಮಾಷೆಯಾಗಿ ಬರೆದಿಟ್ಟಿದ್ದರು.

ಈ ಮನೆಯ ಹುಡುಗಿಯೊಬ್ಬಳಿಗೆ ಮನೋವಿಶ್ಲೇಷಣೆ ಮಾಡಿಸೋಣವೆಂದು ಯಾರಾದರೂ ಸೂಚಿಸಿದರೆ ಅವರು ಖಂಡಿತವಾಗಿ ಒಪ್ಪುತ್ತಿರಲಿಲ್ಲವೆಂದು ಅವರ ಜೀವನಚರಿತ್ರೆ ಬರೆದ ಡೋರಾ ಎಡಿಂಗರ್ ಹೇಳುತ್ತಾರೆ. ಜೊತೆಯವರಿಗೆ ಆಶ್ಚರ್ಯ, ಕಾರಣ ಕೇಳುವ ಧೈರ್ಯವಿಲ್ಲ. ವಿಯೆನ್ನಾದ ದಿನಗಳ ಸುದ್ದಿಯನ್ನು ಅವರು ಎತ್ತುತ್ತಲೇ ಇರಲಿಲ್ಲ. ಮಾತಿನ ಮದ್ದಿಗೆ ಹೆಸರಿಟ್ಟವರೇ ತಮ್ಮ ಮಾತನ್ನು ಹೀಗೆ ಬಿಗಿಹಿಡಿದರು. ಇದನ್ನು ಕೆಲವರು ಗಾಯ ಆರಿರದ ಗುರುತೆಂದು ಓದುತ್ತಾರೆ. ನನ್ನ ಬುದ್ಧಿಗೆ ತೋರುವುದೇ ಬೇರೆ: ಒಬ್ಬರ ಕಿವಿಗೆಂದು ಹೇಳಿಕೊಂಡದ್ದು ಊರೆಲ್ಲ ಓದುವ ಪುಸ್ತಕವಾಗಿತ್ತು. ತಮ್ಮ ಹುಡುಗಿಯರ ಗುಟ್ಟು ಹಾಗಾಗಬಾರದೆಂಬುದು ಕಾವಲಿಗೆ ನಿಂತವರ ಎಚ್ಚರವಾಗಿರಬಾರದೇಕೆ?

ಹಾಗಾದರೆ ಪರಸೇವೆಯೇ ಅವರನ್ನು ಗುಣಪಡಿಸಿತೆ? ಉಪನ್ಯಾಸಗಳಲ್ಲಿ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಬಹುದು. ಆದರೆ ಬ್ರಾಯರರ ಸುಖಾಂತವನ್ನು ಕೆಡವಿ ಅದೇ ಜಾಗದಲ್ಲಿ ಇನ್ನೊಂದು ಸುಖಾಂತ ಕಟ್ಟುವುದು ನ್ಯಾಯವಲ್ಲ. ಕೊನೆಯ ಸಲ ಆರೋಗ್ಯಧಾಮ ಸೇರಿದ್ದು ೧೮೮೭ರಲ್ಲಿ. ದುಡಿಮೆ ಆರಂಭವಾದದ್ದು ಅದರ ಆಮೇಲೆ. ನಡುವೆ ಆರು ವರ್ಷ ನೋವು ಇತ್ತು, ಕಾಲ ಸರಿಯಿತು, ಊರು ಬದಲಾಯಿತು, ವಯಸ್ಸು ಮೂವತ್ತಕ್ಕೆ ಬಂದಿತು, ಗಂಡು ಬರುವ ದಾರಿ ಕಾಯುವುದು ನಿಂತಿತು. ಇವುಗಳಲ್ಲಿ ಯಾವುದು ಎಷ್ಟು ತೂಗಿತೆಂದು ತಕ್ಕಡಿ ಹಿಡಿಯುವುದು ಸಾಧ್ಯವಿಲ್ಲ. ದೀರ್ಘಕಾಲದ ನೋವಿನಿಂದ ಹೊರಬರುವವರು ಒಂದೇ ಬಾಗಿಲಿನಿಂದ ಹೊರಬರುವುದಿಲ್ಲವೆಂದು ಇಂದಿನ ನೋವಿನ ಚಿಕಿತ್ಸಾಲಯಗಳೂ ಒಪ್ಪುತ್ತವೆ; ವೈದ್ಯ, ಮನಶ್ಶಾಸ್ತ್ರಜ್ಞ, ವ್ಯಾಯಾಮ ಕಲಿಸುವವರು ಒಟ್ಟಿಗೆ ಕೂರುವುದು ಅದಕ್ಕೇ.

ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅವರಿಗೆ ಎಪ್ಪತ್ತಮೂರು. ತಂದೆತಾಯಿಗಳಿಂದ ಅಗಲಿಸಿ ಮಕ್ಕಳನ್ನು ಪ್ಯಾಲೆಸ್ಟೈನಿಗೆ ಕಳುಹಿಸುವ ಯೋಜನೆಯನ್ನು ಅವರು ಮೊದಮೊದಲು ಬಲವಾಗಿ ವಿರೋಧಿಸಿದರು. ಮನೆಯೆಂದರೆ ಏನೆಂದು ಅವರಿಗಿದ್ದ ನಂಬಿಕೆಗೆ ಅದು ತಕ್ಕುದೇ ಆಗಿತ್ತು. ಕಾಲ ಮಾತ್ರ ಆ ನಂಬಿಕೆಗೆ ತಕ್ಕುದಾಗಿರಲಿಲ್ಲ. ೧೯೩೫ರ ನ್ಯೂರೆಂಬರ್ಗ್ ಕಾಯಿದೆಗಳಾದ ಮೇಲೆ ಅವರ ಅಭಿಪ್ರಾಯ ತಿರುಗಿತು.

೧೯೩೬ರ ಏಪ್ರಿಲಿನಲ್ಲಿ ಓಫೆನ್‌ಬಾಖ್ ಊರಿನ ಗೆಸ್ಟಾಪೋ ಪೋಲೀಸರಿಂದ ಕರೆ ಬಂದಿತು. ಮನೆಯಲ್ಲಿದ್ದ ಬುದ್ಧಿ ಬೆಳೆಯದ ಹುಡುಗಿಯೊಬ್ಬಳು ಹಿಟ್ಲರನನ್ನು ಹಳಿದು ಏನೋ ಅಂದಳೆಂದು ಒಳಗಿನವರೇ ದೂರು ಕೊಟ್ಟಿದ್ದರು. ಆಗ ಬರ್ಥಾಗೆ ಹೊಟ್ಟೆಯ ಗಡ್ಡೆ ಬೆಳೆದು ಏಳಲಾರದ ಸ್ಥಿತಿ. ಎದ್ದು ಹೋದರು, ಕೇಳಿದ್ದಕ್ಕೆಲ್ಲ ಶಾಂತವಾಗಿ ಉತ್ತರ ಕೊಟ್ಟು, ಹುಡುಗಿಯ ಪರವಾಗಿ ನಿಂತು, ಹಿಂದಿರುಗಿ ಬಂದು ಮಲಗಿದರು. ಮತ್ತೆ ಏಳಲಿಲ್ಲ. ಮೇ ೨೮ರಂದು ತೀರಿಕೊಂಡರು. ಫ್ರಾಂಕ್‌ಫರ್ಟಿನಲ್ಲಿ ತಾಯಿಯ ಪಕ್ಕದಲ್ಲಿ ಸಮಾಧಿಯಿದೆ.

೧೯೩೮ರ ನವೆಂಬರ್ ೧೦ರಂದು ಗುಂಪೊಂದು ನೊಯ್ ಈಸೆನ್‌ಬುರ್ಗಿನ ಮನೆಗೆ ನುಗ್ಗಿ ಮುಖ್ಯ ಕಟ್ಟಡಕ್ಕೆ ಬೆಂಕಿಯಿಟ್ಟಿತು. ಮಿಕ್ಕ ಕಟ್ಟಡಗಳಲ್ಲಿ ಹೆಂಗಸರು ಮಕ್ಕಳು ಇನ್ನೂ ಮೂರು ವರ್ಷ ಹೇಗೋ ಇದ್ದರು. ೧೯೪೨ರ ಮಾರ್ಚ್ ೩೧ರಂದು ಮನೆಯನ್ನು ಮುಚ್ಚಿಸಲಾಯಿತು. ಉಳಿದಿದ್ದವರನ್ನು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಹಲವರು ಮರಳಲಿಲ್ಲ. ಬೆಂಕಿಗೆ ಉಳಿದ ಒಂದು ಕಟ್ಟಡದಲ್ಲಿ ಈಗ ಬರ್ಥಾ ಪಾಪೆನ್‌ಹೈಮರ ಹೆಸರಿನ ಸ್ಮಾರಕವಿದೆ.